ಗಿರಾಕಿಯ ಏಕವಚನ

ತಿಂಗಳ ಮೊದಲ ವಾರದ ಒಂದು ಬೆಳಗ್ಗೆ. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಬ್ಯಾಂಕಿನ ಶಾಖೆ. ಗಡಿಯಾರ ಹನ್ನೊಂದು ಹೊಡೆಯುವ ಮೊದಲೇ ಮೂರನೆಯ ಕೌಂಟರಿನ ಮುಂದೆ ಹನ್ನೆರಡು ಮಂದಿ ಸಾಲುಗಟ್ಟಿದ್ದಾರೆ. ಪಿಂಚಣಿಯ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಜೋಪಾನವಾಗಿ ಸುತ್ತಿ ತಂದ ವೃದ್ಧರು, ಮಗಳ ಕಾಲೇಜಿನ ಶುಲ್ಕಕ್ಕೆ ಡ್ರಾಫ್ಟ್ ಮಾಡಿಸಲು ಬಂದ ತಾಯಿ, ಅಂಗಡಿಯ ನಗದು ಕಟ್ಟಲು ಬಂದ ಹುಡುಗ. ಗಾಜಿನ ಹಿಂದೆ ಕುಳಿತ ಹೆಣ್ಣುಮಗಳಿಗೆ ಆ ಕೆಲಸದಲ್ಲಿ ಒಂಬತ್ತು ವರ್ಷದ ಅನುಭವ. ಬೆರಳು ನೋಟನ್ನು ಎಣಿಸುತ್ತಿರುವಾಗ ಕಣ್ಣು ಮುಂದಿನವರ ಚಲನ್ನಿನ ಮೇಲೆ ಓಡುವಷ್ಟು ಪಳಗಿದ್ದಾಳೆ.

ಸರದಿ ಬಂದದ್ದು ಐವತ್ತು ದಾಟಿದ ಗೃಹಸ್ಥರೊಬ್ಬರದು. ಅಂಗಿಯ ಇಸ್ತ್ರಿ ಕೆಟ್ಟಿಲ್ಲ, ಕೈಯಲ್ಲಿ ಕಾರಿನ ಕೀಲಿ. ನಲವತ್ತೈದು ಸಾವಿರದ ಚೆಕ್ಕನ್ನು ಗಾಜಿನ ಕಿಂಡಿಯೊಳಗೆ ತಳ್ಳಿದರು. ಆಕೆ ಪರದೆಯ ಮೇಲಿನ ಮಾದರಿ ಸಹಿಯನ್ನು ನೋಡಿದಳು, ಚೆಕ್ಕಿನ ಸಹಿಯನ್ನು ನೋಡಿದಳು. ಅಲ್ಲಿ ಅಕ್ಷರ ಅಕ್ಷರವಾಗಿ ಬಿಡಿಸಿದ ಹೆಸರು. ಇಲ್ಲಿ ಒಂದು ಸುಳಿ, ಅದರ ಕೆಳಗೆ ಒಂದು ಗೀಟು.

“ಸರ್, ಸಹಿ ಸ್ವಲ್ಪ ವ್ಯತ್ಯಾಸ ಬರ್ತಾ ಇದೆ. ಹಿಂದುಗಡೆ ಇನ್ನೊಂದು ಸಲ ಮಾಡಿಕೊಡ್ತೀರಾ? ಗುರುತಿನ ಚೀಟಿ ಯಾವುದಾದರೂ ಇದ್ದರೆ ಒಂದು ಸಲ ತೋರಿಸಿ.”

ಇಷ್ಟೇ ಆಕೆ ಹೇಳಿದ ಮಾತು. ಇದಕ್ಕೆ ಬಂದ ಉತ್ತರ ಇಡೀ ಶಾಖೆಗೆ ಕೇಳಿಸಿತು.

“ನನ್ನ ದುಡ್ಡು ನಾನು ತಗೊಳ್ಳೋದಕ್ಕೆ ನಿನಗೆ ಗುರುತು ತೋರಿಸಬೇಕಾ? ಎಷ್ಟು ವರ್ಷದಿಂದ ಇಲ್ಲಿಗೆ ಬರ್ತಾ ಇದ್ದೀನಿ ಗೊತ್ತಾ ನಿನಗೆ? ನಿನ್ನ ಸಂಬಳ ಯಾರ ದುಡ್ಡಿನಿಂದ ಬರುತ್ತೆ ಅಂತ ತಿಳ್ಕೊಂಡು ಮಾತಾಡು!”

ಆಮೇಲೆ ಬಂದ ಮಾತುಗಳಲ್ಲಿ ಕೆಲವನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಆಕೆಗೆ ಈ ಕೆಲಸ ಯಾವ ದಾರಿಯಿಂದ ಸಿಕ್ಕಿರಬಹುದೆಂಬ ವಿಚಾರ ಬಂತು. ಮನೆಯಲ್ಲಿ ಕಲಿಸಿದ ಸಂಸ್ಕಾರದ ವಿಚಾರ ಬಂತು. ಸಾಲಿನಲ್ಲಿದ್ದ ಹನ್ನೊಂದು ಮಂದಿಯೂ ಗೋಡೆಯ ಮೇಲಿನ ಠೇವಣಿ ಬಡ್ಡಿಯ ದರಪಟ್ಟಿಯನ್ನು ಅತ್ಯಂತ ಶ್ರದ್ಧೆಯಿಂದ ಓದತೊಡಗಿದರು.

ಸದ್ದು ಕೇಳಿ ಮ್ಯಾನೇಜರು ಕೋಣೆಯಿಂದ ಹೊರಗೆ ಬಂದರು. ಆಕೆಯ ಮನಸ್ಸಿನಲ್ಲಿ ಒಂದು ಕ್ಷಣ ಭರವಸೆ ಮೂಡಿತು. ಆದರೆ ಅವರು ನೋಡಿದ್ದು ಆಕೆಯ ಕಡೆಗಲ್ಲ. “ಬನ್ನಿ ಸಾರ್, ಬನ್ನಿ, ಒಳಗೆ ಕೂತು ಮಾತಾಡೋಣ” ಎಂದು ಆ ಮಹನೀಯರ ಹೆಗಲಿಗೆ ಕೈಯಿಟ್ಟು ಕರೆದೊಯ್ದರು. ಕಾಫಿ ಹೋಯಿತು. ಹತ್ತು ನಿಮಿಷದ ತರುವಾಯ ಅದೇ ಚೆಕ್ಕು ಜವಾನನ ಕೈಯಲ್ಲಿ ಹಿಂದಕ್ಕೆ ಬಂತು. ಮೂಲೆಯಲ್ಲಿ ಮ್ಯಾನೇಜರ ಚುಟುಕು ಸಹಿ. ಆಕೆ ನೋಟು ಎಣಿಸಿ ಕೊಟ್ಟಳು. ಹೊರಗೆ ಹೋಗುವಾಗ ಆತ ಗಾಜಿನ ಮೂಲಕ ಆಕೆಯನ್ನು ನೋಡಿ ಸಣ್ಣಗೆ ನಕ್ಕದ್ದನ್ನು ಮ್ಯಾನೇಜರು ಕಾಣಲಿಲ್ಲ, ಸಾಲಿನಲ್ಲಿದ್ದವರು ಕಂಡರು.

ಸಂಜೆ ಲೆಕ್ಕ ಹೊಂದಿದ ಮೇಲೆ ಕರೆ ಬಂತು. “ನೋಡಮ್ಮ, ಅವರದು ದೊಡ್ಡ ಡಿಪಾಜಿಟ್ ಇದೆ. ನಾವು ಸ್ವಲ್ಪ ಅನುಸರಿಸಿಕೊಂಡು ಹೋಗಬೇಕು. ಇನ್ನೊಂದು ಸಲ ಬಂದಾಗ ಒಂದು ಸಾರಿ ಅಂತ ಹೇಳಿಬಿಡಿ, ಮುಗಿದುಹೋಗುತ್ತೆ.”

ಇದು ಯಾವ ಬ್ಯಾಂಕು, ಯಾವ ಶಾಖೆ ಎಂದು ಓದುಗರು ವಿಚಾರಿಸಬೇಕಾದ್ದಿಲ್ಲ. ಊರು ಬದಲಿಸಿ, ಬ್ಯಾಂಕಿನ ಬದಲು ವಿದ್ಯುತ್ತಿನ ಬಿಲ್ಲು ಕಟ್ಟುವ ಕಿಂಡಿಯನ್ನೋ ಆಸ್ಪತ್ರೆಯ ಚೀಟಿ ಕೊಡುವ ಮೇಜನ್ನೋ ಸೀರೆ ಅಂಗಡಿಯನ್ನೋ ಇಟ್ಟರೂ ಕಥೆ ನಡೆಯುತ್ತದೆ. ಆದರೆ ಬ್ಯಾಂಕಿನ ಉದಾಹರಣೆಯಲ್ಲಿ ಒಂದು ವಿಶೇಷವಿದೆ. ಅಲ್ಲಿ ಆಕೆ ಮಾಡಿದ ಕೆಲಸ ಬೈದವರ ಹಣದ ಕಾವಲೇ ಆಗಿತ್ತು. ಖೋಟಾ ಸಹಿಯ ಚೆಕ್ಕಿಗೆ ಹಣ ಕೊಟ್ಟ ಬ್ಯಾಂಕು ಆ ಹಣವನ್ನು ಗ್ರಾಹಕನ ಲೆಕ್ಕಕ್ಕೆ ಹಾಕುವಂತಿಲ್ಲವೆಂಬುದು ಕಾನೂನು. ಕಂಪನಿಯೊಂದರ ಲೆಕ್ಕಿಗನೇ 42 ಚೆಕ್ಕುಗಳಿಗೆ ಖೋಟಾ ಸಹಿ ಹಾಕಿ ಹಣ ಎತ್ತಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಇದನ್ನೇ ಎತ್ತಿಹಿಡಿಯಿತು; ಕಂಪನಿಯವರು ತಮ್ಮ ಲೆಕ್ಕವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂಬ ಬ್ಯಾಂಕಿನ ವಾದ ನಿಲ್ಲಲಿಲ್ಲ. ನಾಳೆ ಆ ಗೃಹಸ್ಥರ ಚೆಕ್ಕುಪುಸ್ತಕವೇ ಕಳುವಾಗಿ, ಬೇರೊಬ್ಬನು ಇಂಥದೇ ಸುಳಿಯೊಂದನ್ನು ಎಳೆದು ಹಣ ಒಯ್ದರೆ, ಅವರು ಇದೇ ಕಿಂಡಿಗೆ ಬಂದು ಇದೇ ಕಂಠದಲ್ಲಿ, “ಸಹಿ ನೋಡೋದಕ್ಕೆ ಕಣ್ಣಿರಲಿಲ್ಲವೇ?” ಎಂದು ಕೇಳುವುದರಲ್ಲಿ ಸಂಶಯವಿಲ್ಲ.

ಕನ್ನಡದಲ್ಲಿ ಒಬ್ಬರನ್ನು ಅವಮಾನಿಸಲು ಬೈಗುಳದ ಅಗತ್ಯವೇ ಇಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಬಹುವಚನವನ್ನು ಬಿಟ್ಟರೆ ಸಾಕು. ‘ನೀವು’ ಎಂಬುದು ‘ನೀನು’ ಆದ ಗಳಿಗೆಯಲ್ಲೇ ಗಾಜಿನ ಆಚೆ ಕುಳಿತವರು ನೌಕರರಾಗಿ ಉಳಿಯುವುದಿಲ್ಲ, ಆಳಾಗುತ್ತಾರೆ. ದೇವರಿಗೆ, ತಾಯಿಗೆ, ಬಾಲ್ಯದ ಗೆಳೆಯನಿಗೆ ಸಲ್ಲುವ ಅದೇ ಏಕವಚನ ಅಪರಿಚಿತರ ಬಾಯಿಂದ ಬಂದಾಗ ಚಾವಟಿಯಂತೆ ತಾಕುತ್ತದೆ. “ಏಕವಚನದಲ್ಲಿ ಮಾತನಾಡಿದರು” ಎಂಬ ಒಂದು ವಾಕ್ಯವೇ ನಮ್ಮ ಕಡೆಯ ದೂರುಗಳಲ್ಲಿ ಪೂರ್ಣ ಆಪಾದನೆಯಾಗಿ ನಿಲ್ಲುತ್ತದೆ. ಆ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಮುಂಬಯಿಯ ಕೇಂದ್ರ ಕಚೇರಿಗೆ ಕಳುಹಿಸಿದರೆ ಅಲ್ಲಿಯ ಅಧಿಕಾರಿಗೆ ವ್ಯಾಕರಣದ ಟಿಪ್ಪಣಿಯಂತೆ ಕಂಡೀತು. ನೋವು ಪತ್ರವ್ಯವಹಾರದಲ್ಲಿ ಆವಿಯಾಗಿಹೋಗುವುದಕ್ಕೆ ಇದೂ ಒಂದು ಕಾರಣ. ಇನ್ನು ‘ಗಿರಾಕಿ’ ಎಂಬ ಪದದ ಗತಿಯನ್ನೂ ನೋಡಬಹುದು. ‘ಗ್ರಾಹಕ’ನೂ ‘ಗಿರಾಕಿ’ಯೂ ಒಂದೇ ಮೂಲದ ಮಾತುಗಳು. ಒಂದು ಫಲಕದ ಮೇಲೆ ಕುಳಿತು ಪೂಜೆಗೊಳ್ಳುತ್ತಿದೆ. ಇನ್ನೊಂದು, ಅಂಗಡಿಯ ಹುಡುಗರು ತಮ್ಮತಮ್ಮಲ್ಲಿ “ಒಳ್ಳೆ ಗಿರಾಕಿ ಬಂದ ಕಣೋ” ಎನ್ನುವಾಗ ಬೇರೆಯೇ ಅರ್ಥ ಕೊಡುತ್ತಿದೆ. ಎದುರಿಗೆ ಹೇಳಲಾಗದ್ದು ಹಿಂದಿನಿಂದ ಹೊರಬೀಳುವುದು ಲೋಕರೂಢಿ.

ಫಲಕದ ಮಾತು ಬಂತು. ದೇಶದ ಅಸಂಖ್ಯಾತ ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ, ಮಹಾತ್ಮಾ ಗಾಂಧಿಯವರ ಚಿತ್ರದ ಕೆಳಗೆ ಗ್ರಾಹಕನ ಮಹಿಮೆಯನ್ನು ಸಾರುವ ಒಂದು ಉಕ್ತಿ ಚೌಕಟ್ಟಿನಲ್ಲಿ ತೂಗುತ್ತಿರುವುದನ್ನು ಓದುಗರು ಕಂಡಿರಬಹುದು. ಗ್ರಾಹಕನೇ ನಮ್ಮ ಅತಿಮುಖ್ಯ ಅತಿಥಿ, ಅವನು ನಮ್ಮನ್ನು ಅವಲಂಬಿಸಿಲ್ಲ, ನಾವೇ ಅವನನ್ನು ಅವಲಂಬಿಸಿದ್ದೇವೆ ಎಂಬುದು ಅದರ ತಾತ್ಪರ್ಯ. ಗಾಂಧೀಜಿ ಇದನ್ನು 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನುಡಿದರೆಂದು ಹೇಳುವ ವಾಡಿಕೆಯುಂಟು. 1890ರಲ್ಲಿ ಅವರು ಲಂಡನ್ನಿನಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿ. ದಕ್ಷಿಣ ಆಫ್ರಿಕಾದ ನೆಲವನ್ನು ತುಳಿದದ್ದು 1893ರಲ್ಲಿ. ಅವರ ಹೆಸರಿನಲ್ಲಿ ನಡೆಯುವ ಅನೇಕ ವ್ಯವಹಾರಗಳಂತೆ ಇದೂ ಅವರಿಗೆ ತಿಳಿಯದೆಯೇ ನಡೆದದ್ದು. ಮೂರನೆಯ ಕೌಂಟರಿನ ಹೆಣ್ಣುಮಗಳು ಕತ್ತೆತ್ತಿದಾಗಲೆಲ್ಲ ಎದುರು ಗೋಡೆಯಲ್ಲಿ ಕಾಣುವುದು ಈ ಫಲಕವೇ.

ಗ್ರಾಹಕನು ಯಾವಾಗಲೂ ಸರಿ ಎಂಬ ಪಾಶ್ಚಾತ್ಯ ಘೋಷಣೆ ಶಿಕಾಗೋದ ಮಾರ್ಷಲ್ ಫೀಲ್ಡ್, ಲಂಡನ್ನಿನ ಸೆಲ್ಫ್ರಿಜ್ ಮೊದಲಾದ ದೊಡ್ಡ ವರ್ತಕರ ಹೆಸರಿನೊಡನೆ ಸೇರಿ ಬಂದದ್ದು, ಒಂದು ಶತಮಾನಕ್ಕೂ ಹಿಂದೆ. ಅಂದಿನ ಸನ್ನಿವೇಶದಲ್ಲಿ ಅದಕ್ಕೆ ಅರ್ಥವಿತ್ತು. ಕೊಂಡ ಪದಾರ್ಥ ಕೆಟ್ಟದ್ದಾದರೆ ಕೊಂಡವನೇ ಹೊಣೆ ಎಂದು ವ್ಯಾಪಾರಿಗಳು ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ, ದೂರನ್ನು ನಂಬಿ ಪದಾರ್ಥವನ್ನು ಹಿಂದಕ್ಕೆ ಪಡೆಯುವೆವು ಎಂಬ ಅಭಯವಚನ ಅದು. ಅದು ಬಟ್ಟೆಯ ಬಣ್ಣದ ಮಾತು, ಪಾತ್ರೆಯ ತೂತಿನ ಮಾತು; ಮಾರುವ ಹುಡುಗಿಯ ಮಾನದ ಮಾತಲ್ಲ.

ಜಪಾನಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ ಸಂಗತಿ. 1960ರ ದಶಕದಲ್ಲಿ ಮಿನಾಮಿ ಹರುವೊ ಎಂಬ ಜನಪ್ರಿಯ ಗಾಯಕ ರಂಗದ ಮೇಲೆ ನಿಂತು ಪ್ರೇಕ್ಷಕರು ದೇವರು ಎಂದ. ದೇವರ ಮುಂದೆ ಹಾಡುವಾಗ ಇರಬೇಕಾದ ನಿರ್ಮಲ ಮನಸ್ಸಿನಿಂದ ಹಾಡಬೇಕೆಂಬುದು ಅವನ ಭಾವ. ಡಾ. ರಾಜ್‌ಕುಮಾರರು ಕೈಜೋಡಿಸಿ ‘ಅಭಿಮಾನಿ ದೇವರುಗಳೇ’ ಎಂದಾಗ ಕನ್ನಡಿಗರಿಗೆ ಆ ಭಾವ ವಿವರಣೆಯಿಲ್ಲದೆ ತಿಳಿದಿತ್ತು. ಆದರೆ ಜಪಾನಿನಲ್ಲಿ ಆ ಮಾತು ರಂಗದಿಂದಿಳಿದು ಅಂಗಡಿಗೆ ಹೋಯಿತು. ಕೊಳ್ಳುವವನು ದೇವರಾದ, ದೇವರ ಮುಂದೆ ಮಾರುವವನು ಮೊಣಕಾಲೂರಿ ಕ್ಷಮೆ ಕೇಳಬೇಕಾಯಿತು. ಈ ಉಪದ್ರವಕ್ಕೆ ಅಲ್ಲಿ ‘ಕಸು-ಹರಾ’ ಎಂಬ ಹೆಸರೇ ಹುಟ್ಟಿದೆ. ಅದನ್ನು ತಡೆಯಲು ಟೋಕಿಯೋ ಮಹಾನಗರ ಮಾಡಿದ ನಿಯಮ 2025ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲಿ ದಂಡನೆಯಿಲ್ಲ, ಗ್ರಾಹಕನೂ ನೌಕರನನ್ನು ಪೀಡಿಸಕೂಡದೆಂದು ಬರಹದಲ್ಲಿ ಹೇಳಿದ್ದೇ ಹೊಸದು. ಅದೇ ಜೂನ್ ತಿಂಗಳಲ್ಲಿ ಆ ದೇಶದ ಸಂಸತ್ತು ಕಾನೂನನ್ನು ತಿದ್ದಿ, ಇಂಥ ಪೀಡನೆಯಿಂದ ನೌಕರರನ್ನು ರಕ್ಷಿಸುವ ಏರ್ಪಾಡು ಮಾಲೀಕನ ಕರ್ತವ್ಯವೆಂದು ವಿಧಿಸಿತು. ನಮ್ಮ ಪೇಟೆಗಳಲ್ಲಿಯೂ ಗ್ರಾಹಕನೇ ದೇವರೆಂಬ ಫಲಕಗಳಿಗೆ ಕೊರತೆಯಿಲ್ಲ. ದೇವರಿಗೂ ನೈವೇದ್ಯಕ್ಕೆ ಹೊತ್ತುಂಟು, ಬಾಗಿಲು ಹಾಕುವ ಸಮಯವುಂಟು ಎಂಬುದನ್ನು ಮಾತ್ರ ಆ ಫಲಕ ಬರೆಸಿದವರು ಮರೆತಂತಿದೆ.

ಹಾಗೆಂದು ಗ್ರಾಹಕನ ಕೋಪವೆಲ್ಲವೂ ಅನ್ಯಾಯವೆನ್ನುವುದು ಸಲ್ಲದು. ಮೂರು ಸಲ ಅಲೆಸಿದ ಮೇಲೆ ನಾಲ್ಕನೆಯ ಸಲ ದನಿ ಏರಿಸಿದ ಮುದುಕನನ್ನು ದುಷ್ಟನೆನ್ನುವವರಾರು? ಕನ್ನಡ ಬಾರದ ಗುಮಾಸ್ತರ ಮುಂದೆ ನಿಂತು ತನ್ನ ಊರಿನಲ್ಲಿಯೇ ತಾನು ಮೂಕನಾದೆನೆಂದು ಕುದಿಯುವ ರೈತನ ಸಿಟ್ಟಿಗೆ ಕಾರಣವಿದೆ. ಕೌಂಟರಿನ ಫಲಕಗಳು ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಸೂಚಿಸಿರುವಾಗ, ಅದನ್ನು ಕೇಳುವುದು ಹಕ್ಕೇ ಹೊರತು ಉದ್ಧಟತನವಲ್ಲ. ನಡೆದ ತಪ್ಪಿನ ಬಗ್ಗೆ ಗಟ್ಟಿಯಾಗಿ ಮಾತನಾಡುವುದು ದೂರು. ಎದುರಿನವರ ಹುಟ್ಟು, ಹೆಣ್ತನ, ಜಾತಿ, ಸಂಬಳಗಳ ಬಗ್ಗೆ ಮಾತನಾಡುವುದು ಬೈಗುಳ. ಗದ್ದಲದ ನಡುವೆಯೂ ಈ ಗೆರೆ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

2016ರ ನವೆಂಬರ್ ತಿಂಗಳು ಈ ಎರಡನ್ನೂ ಒಂದೇ ಕಿಂಡಿಗೆ ತಂದಿಟ್ಟಿತು. 8ನೆಯ ತಾರೀಖಿನ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದುವೆಂಬ ಪ್ರಕಟಣೆ. ಒಂದು ದಿನ ಮುಚ್ಚಿದ್ದ ಬ್ಯಾಂಕುಗಳು 10ರಂದು ಬಾಗಿಲು ತೆರೆದಾಗ ಹೊರಗೆ ಜನಸಾಗರ. ಹಳೆಯ ನೋಟು ಬದಲಿಸಿಕೊಡುವ ಮಿತಿ ಮೊದಲು 4,000 ರೂಪಾಯಿ. ನಾಲ್ಕೇ ದಿನದಲ್ಲಿ 4,500. ಆ ವಾರ ಕಳೆಯುವುದರೊಳಗೆ 2,000. 24ನೆಯ ತಾರೀಖಿನ ಹೊತ್ತಿಗೆ ಬದಲಾವಣೆಯೇ ನಿಂತಿತು. ನಡುವೆ ಬೆರಳಿಗೆ ಶಾಯಿ ಹಚ್ಚುವ ಆಜ್ಞೆಯೂ ಬಂತು. ಮದುವೆಯ ಮನೆಯವರು ಎರಡೂವರೆ ಲಕ್ಷ ತೆಗೆಯಬಹುದೆಂದು ಸುದ್ದಿ ಹರಡಿತು. ಲಗ್ನಪತ್ರಿಕೆ ಹಿಡಿದು ತಂದೆತಾಯಿಗಳು ಓಡಿಬಂದರು. ಆ ಹಣ ಬ್ಯಾಂಕಿನಲ್ಲಿ ಖಾತೆಯಿಲ್ಲದವರಿಗೆ ಕೊಡಲು ಮಾತ್ರ, ಅವರ ಪಟ್ಟಿ ಕೊಡಬೇಕೆಂಬ ಷರತ್ತು ಹಿಂದಿನಿಂದ ಬಂತು. ಈ ಯಾವ ನಿಯಮವನ್ನೂ ಮಾಡಿದವರು ಕೌಂಟರಿನವರಲ್ಲ. ಬೆಳಗ್ಗೆ ಟೆಲಿವಿಷನ್ನಿನಲ್ಲಿ ಜನ ಕೇಳಿದ್ದನ್ನು ಅವರೂ ಆಗಲೇ ಕೇಳಿದ್ದರು. ಆದರೂ ನಿಯಮ ಮಾಡಿದವರು ದೂರ, ಕ್ಯಾಷಿಯರು ಹತ್ತಿರ. “ಇವತ್ತು ಕ್ಯಾಷ್ ಬಂದಿಲ್ಲ” ಎಂದವರನ್ನು ಕಳ್ಳರೆಂದರು, ಸುಳ್ಳರೆಂದರು. ಮಗಳ ಮದುವೆ ಮೂರು ದಿನವಿರುವ ತಂದೆ ಹಾಗೆಂದಾಗ ಅದನ್ನು ಕ್ಷಮಿಸಿದ ಕ್ಯಾಷಿಯರುಗಳು ಎಷ್ಟೋ ಮಂದಿ. ಅದೇ ದಿನಗಳಲ್ಲಿ, ಮ್ಯಾನೇಜರೇ ಮೇಜು ಎಳೆದುಕೊಂಡು ಕೌಂಟರಿನ ಪಕ್ಕದಲ್ಲಿ ಕುಳಿತ ಶಾಖೆಗಳಿದ್ದುವು; ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡ ಶಾಖೆಗಳೂ ಇದ್ದುವು. ಆ ವ್ಯತ್ಯಾಸವನ್ನು ನೌಕರರು ಮರೆಯುವುದು ಸಾಧ್ಯವಿಲ್ಲ.

ಮ್ಯಾನೇಜರಾದರೂ ಏಕೆ ಹೀಗೆ ಮಾಡುತ್ತಾರೆ? ಅವರೂ ಒಂದು ಕಾಲದಲ್ಲಿ ಅದೇ ಕಿಂಡಿಯ ಹಿಂದೆ ಕುಳಿತು ಬೈಸಿಕೊಂಡವರೇ. ಈಗ ಅವರ ತಲೆಯ ಮೇಲೆ ಠೇವಣಿಯ ಗುರಿ ತೂಗುತ್ತಿದೆ. ಗ್ರಾಹಕನೊಬ್ಬ ಮನಸ್ಸು ಮಾಡಿದರೆ ಮೊಬೈಲಿನಿಂದಲೇ ದೂರು ಹಾಕಬಹುದು. ರಿಸರ್ವ್ ಬ್ಯಾಂಕು 1995ರಲ್ಲಿ ಸ್ಥಾಪಿಸಿದ, 2021ರಲ್ಲಿ ಏಕೀಕರಿಸಿದ ಓಂಬುಡ್ಸ್‌ಮನ್ ವ್ಯವಸ್ಥೆಯವರೆಗೆ ಅದು ಹೋಗಬಹುದು. ಒಳ್ಳೆಯ ವ್ಯವಸ್ಥೆಯೇ, ಅನೇಕ ಬಡವರಿಗೆ ಅದರಿಂದ ನ್ಯಾಯ ದೊರೆತಿದೆ. ಆದರೆ ಪ್ರತಿಯೊಂದು ದೂರಿಗೂ ಶಾಖೆಯಿಂದ ವಿವರಣೆ ಹೋಗಬೇಕು. ಗುಮಾಸ್ತೆಯ ಕಣ್ಣೀರಿಗೆ ವಿವರಣೆ ಕೇಳುವ ಮೇಲಧಿಕಾರಿಯಿಲ್ಲ. ಆದಕಾರಣ ಮ್ಯಾನೇಜರು ಲೆಕ್ಕ ಹಾಕುತ್ತಾರೆ: ಗ್ರಾಹಕ ಸಿಟ್ಟಾದರೆ ಕಾಗದಪತ್ರ, ನೌಕರಳು ನೊಂದರೆ ಬರಿಯ ಮೌನ. ಅಗ್ಗವಾದದ್ದನ್ನು ಆರಿಸಿಕೊಳ್ಳುತ್ತಾರೆ.

ಈ ಲೆಕ್ಕದಲ್ಲಿ ಅವರು ಮರೆಯುವ ಬಾಬ್ತು ಒಂದಿದೆ. ಕೂಗಿದವರಿಗೆ ಕಾಫಿಯೂ, ಸುಮ್ಮನೆ ಸರದಿಯಲ್ಲಿ ನಿಂತವರಿಗೆ ಇನ್ನೂ ಹತ್ತು ನಿಮಿಷದ ಕಾಯುವಿಕೆಯೂ ದೊರೆತದ್ದನ್ನು ಸಾಲಿನಲ್ಲಿದ್ದ ಹನ್ನೊಂದು ಮಂದಿ ನೋಡಿದರು. ಅವರಲ್ಲಿ ಇಬ್ಬರಾದರೂ ಮುಂದಿನ ಸಲ ಕೂಗಿ ನೋಡುವರು. ಆಕೆಯೋ, ಮುಂದಿನ ಸಲ ಸಹಿ ಹೊಂದದ ಚೆಕ್ಕನ್ನು ಕಂಡಾಗ ಒಂದು ಕ್ಷಣ ತಡೆದು, ಏಕೆ ಬೇಕು ಎಂದುಕೊಂಡು ಹಣ ಎಣಿಸಿಕೊಡುವಳು. ಆ ಒಂದು ಚೆಕ್ಕು ಖೋಟಾ ಆಗಿದ್ದರೆ, ವಿಚಾರಣೆಯ ದಿನ ಅವಳ ಪಕ್ಕದಲ್ಲಿ ‘ಅನುಸರಿಸಿಕೊಂಡು ಹೋಗು’ ಎಂದವರ ಕುರ್ಚಿ ಇರುವುದಿಲ್ಲ.

ಬಸ್ಸಿನ ಕಂಡಕ್ಟರನ ಪಾಡು ಇದಕ್ಕಿಂತ ಕಠಿಣ. ಗಾಜಿಲ್ಲ, ಮ್ಯಾನೇಜರಿಲ್ಲ, ಒಳಕೋಣೆಯಿಲ್ಲ. ಚಿಲ್ಲರೆಗಾಗಿ ಜಗಳ, ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಬಾಕಿಗಾಗಿ ಜಗಳ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಗುರುತಿನ ಚೀಟಿಗಾಗಿ ಜಗಳ. ಚೀಟಿ ಕೇಳಿದರೆ ಪ್ರಯಾಣಿಕರ ಬೈಗುಳ. ಕೇಳದೆ ಶೂನ್ಯ ಟಿಕೆಟ್ಟು ಕೊಟ್ಟರೆ ತನಿಖೆಯವರ ಮೆಮೊ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನ ಕಡೆ, ಬಾಗಿಲ ಬಳಿ ನಿಲ್ಲಬೇಡಿ ಎಂದ ಕಂಡಕ್ಟರನಿಗೆ ಪ್ರಯಾಣಿಕನೊಬ್ಬ ಚಾಕುವಿನಿಂದ ಇರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಾಗಿಲಿನಿಂದ ಪ್ರಯಾಣಿಕ ಬಿದ್ದಿದ್ದರೆ ಆ ಕಂಡಕ್ಟರನೇ ಉತ್ತರ ಹೇಳಬೇಕಾಗಿತ್ತು.

ಹಾಗಾದರೆ ಮೂರನೆಯ ಕೌಂಟರಿನ ಹೆಣ್ಣುಮಗಳು ಏನು ಮಾಡತಕ್ಕದ್ದು? ಕೆಲಸ ಬಿಡುವ ಸ್ಥಿತಿಯಲ್ಲಿ ಅವಳಿಲ್ಲ. ಮನೆಯ ಸಾಲದ ಕಂತು, ಅತ್ತೆಯ ಔಷಧ, ಮಗನ ಶಾಲೆ. ತಿರುಗಿ ಬೈದರೆ ಮೆಮೊ ಬರುವುದು ಅವಳಿಗೇ. ಇಂಥ ಸ್ಥಾನದಲ್ಲಿ ವರ್ಷಗಟ್ಟಲೆ ಕುಳಿತು ಮಾಗಿದವರ ನಡವಳಿಕೆಯನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ: ಅವರು ದನಿಯನ್ನು ಏರಿಸುವುದಿಲ್ಲ, ಇಳಿಸುತ್ತಾರೆ. ‘ನೀನು’ ಎಂದವರಿಗೂ ‘ನೀವು’ ಎಂದೇ ಉತ್ತರಿಸುತ್ತಾರೆ. ಅದು ದೈನ್ಯವಲ್ಲ, ಅಂತರವನ್ನು ಕಾಯುವ ಬೇಲಿ. “ನಿಮ್ಮ ಕೆಲಸ ಮಾಡಿಕೊಡುತ್ತೇನೆ. ಈ ರೀತಿ ಮಾತಾಡಿದರೆ ಮಾಡಲಾಗುವುದಿಲ್ಲ” ಎಂದು ಒಮ್ಮೆ ಹೇಳುತ್ತಾರೆ, ಎರಡನೆಯ ಸಲ ಹೇಳುತ್ತಾರೆ, ಮೂರನೆಯ ಸಲ ನಗದಿನ ಪೆಟ್ಟಿಗೆಗೆ ಬೀಗ ಹಾಕಿ ಎದ್ದುಹೋಗಿ ಪಕ್ಕದವರನ್ನು ಕರೆಯುತ್ತಾರೆ. ಒಬ್ಬರಿದ್ದಾಗ ಹಾರುವ ನಾಲಗೆ ಇಬ್ಬರು ಎದುರು ನಿಂತಾಗ ಸಾಮಾನ್ಯವಾಗಿ ತಗ್ಗುತ್ತದೆ. ಸಹೋದ್ಯೋಗಿಗಳು ತಮ್ಮತಮ್ಮಲ್ಲಿ ಮೊದಲೇ ಇಂಥ ಒಪ್ಪಂದ ಮಾಡಿಕೊಂಡಿರುವುದು ಮೇಲಿನವರ ಅನುಮತಿಯನ್ನು ಬೇಡುವ ವಿಷಯವಲ್ಲ.

ಎರಡನೆಯದು ಕಾಗದ. ಮ್ಯಾನೇಜರ ಲೆಕ್ಕದಲ್ಲಿ ನೌಕರಳ ನೋವಿಗೆ ಬೆಲೆಯಿಲ್ಲದ್ದು ಅದು ಕಾಗದದ ಮೇಲೆ ಇಲ್ಲದ್ದರಿಂದ. ಅದೇ ದಿನ, ಮನೆಗೆ ಹೋಗುವ ಮೊದಲು, ಗಂಟೆ ನಿಮಿಷ ಸಹಿತ, ಆಡಿದ ಮಾತುಗಳನ್ನು ಆಡಿದಂತೆಯೇ ಬರೆದು, ಕಂಡವರ ಹೆಸರು ಸೇರಿಸಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕು. “ಅಸಭ್ಯವಾಗಿ ವರ್ತಿಸಿದರು” ಎಂದು ಬರೆದರೆ ಪ್ರಯೋಜನ ಕಡಮೆ. ಯಾವ ಮಾತು ಎಂಬುದೇ ಬೇಕು, ಎಷ್ಟೇ ಅಸಹ್ಯವಾಗಿದ್ದರೂ ಸರಿ. ಕ್ಯಾಮೆರಾದ ಚಿತ್ರಗಳು ಕೆಲವು ಕಾಲದ ಮೇಲೆ ತಾವಾಗಿ ಅಳಿಸಿಹೋಗುವುದರಿಂದ, ಆ ಹೊತ್ತಿನ ಚಿತ್ರವನ್ನು ಕಾದಿರಿಸಬೇಕೆಂಬ ಒಂದು ಸಾಲು ಅದರಲ್ಲಿರಲಿ. ಸಹಿಯ ವಿಷಯದಲ್ಲಿ ತಾನು ಆಕ್ಷೇಪಿಸಿದ್ದೂ, ಮ್ಯಾನೇಜರು ಒಪ್ಪಿಗೆ ನೀಡಿದ್ದೂ ಅಲ್ಲಿಯೇ ದಾಖಲಾಗಲಿ. ನಕಲೊಂದು ಸಂಘದ ಕಾರ್ಯದರ್ಶಿಗೆ ಹೋಗಲಿ.

ಕಾನೂನು ಎಲ್ಲಿಯವರೆಗೆ ಕೈಹಿಡಿಯುತ್ತದೆ? ಮೈಮೇಲೆ ಬಿದ್ದು ಕರ್ತವ್ಯಕ್ಕೆ ಅಡ್ಡಿ ಮಾಡಿದರೆ, ಸರಕಾರಿ ಬ್ಯಾಂಕಿನ ನೌಕರರ ಮಟ್ಟಿಗೆ ಅದು ಭಾರತೀಯ ನ್ಯಾಯ ಸಂಹಿತೆಯ 132ನೆಯ ಕಲಮಿನ ಅಪರಾಧ. ಎರಡು ವರ್ಷಗಳವರೆಗೆ ಸೆರೆವಾಸ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸಂಜ್ಞೆಗಳಿಗೆ 79ನೆಯ ಕಲಮು ಇದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯ 19ನೆಯ ಕಲಮನ್ನು ಬಹುಮಂದಿ ಮೇಲಧಿಕಾರಿಗಳು ಓದಿದಂತೆ ತೋರುವುದಿಲ್ಲ: ಕೆಲಸದ ಸ್ಥಳಕ್ಕೆ ಬಂದುಹೋಗುವ ಹೊರಗಿನವರಿಂದಲೂ ಹೆಣ್ಣುಮಕ್ಕಳಿಗೆ ಸುರಕ್ಷಿತ ವಾತಾವರಣ ಒದಗಿಸುವುದು ಮಾಲೀಕನ ಹೊಣೆ; ಪೀಡಿಸಿದವನು ಹೊರಗಿನವನಾದರೆ, ಆಕೆ ಬಯಸಿದಲ್ಲಿ, ಅವನ ಮೇಲೆ ಕ್ರಮ ಆರಂಭಿಸಲು ನೆರವಾಗುವುದೂ ಅವನದೇ ಹೊಣೆ. ಆದರೆ ಲೈಂಗಿಕ ಛಾಯೆಯಿಲ್ಲದ ಬರಿಯ ಬೈಗುಳಕ್ಕೆ, ‘ನಿನ್ನ ಸಂಬಳ ಯಾರ ದುಡ್ಡು’ ಎಂಬುದಕ್ಕೆ, ಈ ಕಾಯಿದೆ ಒದಗುವುದಿಲ್ಲ. ದಕ್ಷಿಣ ಕೊರಿಯಾದವರು ಆ ಕೊರತೆಯನ್ನು 2018ರಲ್ಲಿ ತುಂಬಿದರು. ಗ್ರಾಹಕನ ದುರ್ಭಾಷೆಗೆ ತುತ್ತಾದ ನೌಕರರಿಗೆ ಕೆಲಸ ನಿಲ್ಲಿಸಿ ವಿಶ್ರಾಂತಿ ಕೊಡಬೇಕು, ಹಾಗೆ ಕೇಳಿದವರನ್ನು ಶಿಕ್ಷಿಸಬಾರದು ಎಂದು ಅಲ್ಲಿಯ ಕಾನೂನು ಹೇಳುತ್ತದೆ.

ಅದೇ ದೇಶದ ತೈಲ ಕಂಪನಿಯೊಂದು ಅದಕ್ಕೆ ಒಂದು ವರ್ಷ ಮೊದಲು ಮಾಡಿದ ಸಣ್ಣ ಪ್ರಯೋಗ ಇಲ್ಲಿಯ ಓದುಗರಿಗೂ ರುಚಿಸಬಹುದು. ಕಂಪನಿಗೆ ಫೋನು ಮಾಡಿದವರಿಗೆ, ಕರೆ ಜೋಡಣೆಯಾಗುವ ಮೊದಲು, ಸಂಗೀತದ ಬದಲು ಒಂದು ಧ್ವನಿ ಕೇಳಿಸುವಂತೆ ಮಾಡಿದರು. ಅದು ಉತ್ತರಿಸಲಿರುವ ನೌಕರಳ ಮನೆಯವರದು: ಮಗುವಿನದು, ಗಂಡನದು, ಇಲ್ಲವೆ ತಂದೆಯದು. ಈಗ ನಿಮ್ಮೊಡನೆ ಮಾತನಾಡುವವಳು ನನ್ನ ಪ್ರೀತಿಯ ಅಮ್ಮ ಎಂದು ಮಗು ಹೇಳಿದ ಮೇಲೆ ‘ನೀನು’ ಎನ್ನುವುದು ಅಷ್ಟು ಸುಲಭವಲ್ಲ.

ಬಾಯಿ ನಗುತ್ತಿರಬೇಕಾದ ಕೆಲಸದಲ್ಲಿ ಮನಸ್ಸು ಸವೆಯುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರನ್ನು ಕುರಿತು ಬರೆದ ಗ್ರಂಥದಲ್ಲಿ ಪರೀಕ್ಷಿಸಿದರು. ಸವೆದ ಮನಸ್ಸು ಸಂಜೆ ಎಲ್ಲಿಗೆ ಹೋಗುತ್ತದೆಂಬುದನ್ನು ತಿಳಿಯಲು ಮಾತ್ರ ಗ್ರಂಥ ಬೇಕಾಗಿಲ್ಲ. ಮೂರನೆಯ ಕೌಂಟರಿನವಳು ಆ ದಿನ ಮನೆಗೆ ಬಂದು, ಹಾಲಿನ ಲೋಟ ಉರುಳಿಸಿದ ಮಗನಿಗೆ ಎಂದೂ ಹೊಡೆಯದವಳು ಹೊಡೆದಳು. ಹೊಡೆದ ಮೇಲೆ ತಾನೇ ಅತ್ತಳು. ಅತ್ತೆಯವರು ಏನೂ ಕೇಳದೆ ಹುಡುಗನನ್ನು ಒಳಗೆ ಕರೆದುಕೊಂಡು ಹೋದರು.

ಊಟವಾದ ಮೇಲೆ ಆಕೆ ಮೇಜಿನ ಮುಂದೆ ಕುಳಿತು, ಬ್ಯಾಂಕಿನಲ್ಲಿ ಬರೆಯಲಾಗದೆ ಬಂದ ಕಾಗದವನ್ನು ಬರೆಯತೊಡಗಿದಳು. ‘ಮಾನ್ಯರೇ’ ಎಂಬುದಾದ ಮೇಲೆ ಲೇಖನಿ ಬಹಳ ಹೊತ್ತು ನಿಂತಿತ್ತು. ಆಮೇಲೆ ಗಂಟೆ ಬರೆದಳು, ಚೆಕ್ಕಿನ ಸಂಖ್ಯೆ ಬರೆದಳು, ‘ಏಕವಚನದಲ್ಲಿ’ ಎಂದು ಬರೆದಳು.

ಪಕ್ಕದ ಕೋಣೆಯಿಂದ ಗಂಡನ ಸ್ವರ ಕೇಳಿಸಿತು. ಎರಡು ದಿನದಿಂದ ಮನೆಯ ಇಂಟರ್ನೆಟ್ಟು ಕೆಟ್ಟಿತ್ತು. ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ್ದ. ಸಂಭಾವಿತ ಮನುಷ್ಯ, ನೆರೆಹೊರೆಯವರೊಡನೆ ಒಂದು ದಿನವೂ ದನಿಯೆತ್ತಿದವನಲ್ಲ.

“ಎಷ್ಟು ಸಲ ಹೇಳಬೇಕು ನಿನಗೆ? ಕನ್ನಡ ಅರ್ಥ ಆಗುತ್ತೋ ಇಲ್ಲವೋ? ನಿನ್ನ ಕೈಲಿ ಆಗದಿದ್ದರೆ ನಿನ್ನ ಮೇಲಿನವರನ್ನ ಕರೀ!”

ಫೋನಿನಿಂದ ತೆಳ್ಳಗೆ ಒಂದು ಹುಡುಗಿಯ ಧ್ವನಿ. ಮಾತಿನಲ್ಲಿ ಹುಬ್ಬಳ್ಳಿಯ ಕಡೆಯ ಎಳೆತವಿತ್ತು. “ಸಾರಿ ಸರ್” ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ, “ಸಾರಿ ಸರ್.”

ಆಕೆ ಎದ್ದುಹೋಗಿ ಕೈ ಚಾಚಿದಳು. ಗಂಡ ಅವಳ ಮುಖವನ್ನು ನೋಡಿದ, ಫೋನನ್ನು ಕೊಟ್ಟ.

“ಹೇಳಿ ಅಮ್ಮ. ನಮ್ಮ ಮನೆಯ ಲೈನಿನ ವಿಚಾರ. ನಿಮಗೆ ಏನೇನು ಬೇಕೋ ಕೇಳಿ, ಹೇಳ್ತೀನಿ.”

ಆ ಕಡೆ ಕೆಲವು ಕ್ಷಣ ಸದ್ದಿರಲಿಲ್ಲ. ಆಮೇಲೆ ಹುಡುಗಿ ಒಂದೊಂದಾಗಿ ಕೇಳಿದಳು: ಪೆಟ್ಟಿಗೆಯಲ್ಲಿ ಯಾವ ಬಣ್ಣದ ದೀಪ ಉರಿಯುತ್ತಿದೆ, ತಂತಿ ಹೊರಗೆಲ್ಲಾದರೂ ಕಿತ್ತಿದೆಯೆ, ನಾಳೆ ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತೀರಿ. ಕೊನೆಗೆ, “ಮೇಡಂ, ದೂರಿನ ನಂಬರ್ ಬರ್ಕೊಳ್ರಿ” ಎಂದಳು.

ಕೈಗೆ ಸಿಕ್ಕ ಕಾಗದ ಅದೊಂದೇ. ‘ಏಕವಚನದಲ್ಲಿ’ ಎಂಬ ಮಾತಿನ ಪಕ್ಕದ ಅಂಚಿನಲ್ಲಿ ಆಕೆ ಆ ಸಂಖ್ಯೆಯನ್ನು ಬರೆದುಕೊಂಡಳು. ಗಂಡ ಬಗ್ಗಿ ಸಂಖ್ಯೆಯನ್ನು ನೋಡಿದ. ಅದರ ಪಕ್ಕದ ಸಾಲುಗಳನ್ನೂ ಮೇಲಿನಿಂದ ಕೆಳಗಿನವರೆಗೆ ಓದಿದ. ನಂತರ ಕುರ್ಚಿ ಎಳೆದುಕೊಂಡು ಕುಳಿತು, ಒಂದು ಬಿಳಿಯ ಹಾಳೆ ತೆಗೆದು, “ನೀನು ಹೇಳ್ತಾ ಹೋಗು, ನಾನು ಚೆನ್ನಾಗಿ ಪ್ರತಿ ಮಾಡ್ತೀನಿ” ಎಂದ.